ಸೇರುವ ಮೊದಲೇ ಒಡೆದರೆ?

ಫ್ಯೂಷನ್ ಅಂದ್ರೆ ಎರಡು ನ್ಯೂಕ್ಲಿಯಸ್ ಸೇರಿ ಒಂದಾಗೋದು ಅಂತ ನಾವೆಲ್ಲ ಪಿಯುಸಿಯಲ್ಲಿ ಓದಿದ್ದೇವೆ. ಎರಡಕ್ಕೂ ಪಾಸಿಟಿವ್ ಚಾರ್ಜ್ ಇರೋದರಿಂದ ಒಂದನ್ನೊಂದು ತಳ್ಳುತ್ತವೆ. ಈ ತಳ್ಳಾಟವೇ ಕೂಲಂಬ್ ತಡೆಗೋಡೆ. ಗೋಡೆ ದಾಟಿದರೆ, ಅಥವಾ ಟನೆಲಿಂಗ್‌ನಿಂದ ನುಸುಳಿದರೆ ಫ್ಯೂಷನ್. ಪುಸ್ತಕದ ಲೆಕ್ಕ ಇಷ್ಟೇ. ಆದರೆ ಗೋಡೆ ಹತ್ತುವಾಗಲೇ ಒಂದು ನ್ಯೂಕ್ಲಿಯಸ್ ಒಡೆದುಹೋದರೆ?

ಸಾಮಾನ್ಯ ನ್ಯೂಕ್ಲಿಯಸ್‌ನಿಂದ ಒಂದು ನ್ಯೂಟ್ರಾನ್ ಕೀಳೋಕೆ ಸುಮಾರು 8 ಎಂಇವಿ ಶಕ್ತಿ ಬೇಕು. ಆದರೆ ಲಿಥಿಯಂ-6 ಬರೀ 1.47 ಎಂಇವಿಗೆ ಆಲ್ಫಾ ಮತ್ತು ಡ್ಯೂಟೆರಾನ್ ಆಗಿ ಒಡೆಯುತ್ತೆ. ಬೆರಿಲಿಯಂ-9 ಕೂಡ 1.57 ಎಂಇವಿಗೆ ಎರಡು ಆಲ್ಫಾ, ಒಂದು ನ್ಯೂಟ್ರಾನ್ ಆಗುತ್ತೆ. ಪಾಕ ಸರಿಯಾಗಿ ಬರದ ಮಂಡಕ್ಕಿ ಉಂಡೆ ಇದ್ದ ಹಾಗೆ: ನೋಡೋಕೆ ಉಂಡೆ, ಮುಟ್ಟಿದರೆ ಪುಡಿ. ಇವನ್ನು ದುರ್ಬಲ ಬಂಧದ ನ್ಯೂಕ್ಲಿಯಸ್‌ಗಳು ಅನ್ನೋಣ.

ಲಿಥಿಯಂ-6 ಅನ್ನು ಬಿಸ್ಮತ್-209ರ ಮೇಲೆ ಹೊಡೆದಾಗ ಏನೇನಾಗಬಹುದು ನೋಡೋಣ. ಇಡೀ ಲಿಥಿಯಂ ಒಳಗೆ ಹೋದರೆ ಪೂರ್ಣ ಫ್ಯೂಷನ್. ಬಿಸ್ಮತ್‌ನ 83 ಪ್ರೋಟಾನ್‌ಗೆ 3 ಸೇರಿ ರೇಡಾನ್ ಹುಟ್ಟುತ್ತೆ. ಆಲ್ಫಾ ಮಾತ್ರ ಹೋದರೆ ಆಸ್ಟಟೀನ್, ಡ್ಯೂಟೆರಾನ್ ಮಾತ್ರ ಹೋದರೆ ಪೊಲೋನಿಯಂ: ಇದು ಅಪೂರ್ಣ ಫ್ಯೂಷನ್. ಎರಡೂ ಒಳಗೆ ಹೋಗದೆ ಹಾರಿಹೋದರೆ ಬರೀ ಒಡೆತ. ಹುಟ್ಟಿದ ನ್ಯೂಕ್ಲಿಯಸ್‌ಗಳು ಆಮೇಲೆ ಹೊರಹಾಕುವ ಆಲ್ಫಾ ಕಣಗಳ ಶಕ್ತಿ ಅಳೆದು, ಯಾವುದು ಎಷ್ಟಾಯ್ತು ಅಂತ ಲೆಕ್ಕ ಹಾಕ್ತಾರೆ.

ಇಂಥ ಪ್ರಯೋಗಗಳು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲೂ, ನಮ್ಮ ಮುಂಬೈನ ಟಿಐಎಫ್‌ಆರ್ ಆವರಣದ ಪೆಲೆಟ್ರಾನ್ ವೇಗವರ್ಧಕದಲ್ಲೂ ನಡೆದಿವೆ. ಭಾರದ ಟಾರ್ಗೆಟ್ ಇಟ್ಟಾಗ, ತಡೆಗೋಡೆಗಿಂತ ಹೆಚ್ಚಿನ ಶಕ್ತಿಯಲ್ಲಿ, ಪೂರ್ಣ ಫ್ಯೂಷನ್ ಲೆಕ್ಕಕ್ಕಿಂತ ಸುಮಾರು 30% ಕಡಿಮೆ ಬಂತು. ಅಪೂರ್ಣ ಫ್ಯೂಷನ್ನನ್ನೂ ಕೂಡಿಸಿದರೆ ಮೊತ್ತ ಹೆಚ್ಚುಕಡಿಮೆ ಲೆಕ್ಕಕ್ಕೆ ಹೊಂದುತ್ತೆ. ಹಾಗಾದ್ರೆ ಒಡೆದಿದ್ದರಿಂದಲೇ ಕಡಿಮೆಯಾಯ್ತು ಅಂದುಬಿಡಬಹುದಾ?

ಇಲ್ಲೇ ಮಜಾ ಇರೋದು. ಒಡೆಯುತ್ತಾ ಅನ್ನೋದಕ್ಕಿಂತ ಯಾವಾಗ ಒಡೆಯುತ್ತೆ ಅನ್ನೋದು ಮುಖ್ಯ. ನ್ಯೂಕ್ಲಿಯಸ್‌ಗಳ ಮುಖಾಮುಖಿ ಮುಗಿಯೋಕೆ ಸುಮಾರು 10⁻²¹ ಸೆಕೆಂಡ್ ಸಾಕು. ಉದಾಹರಣೆಗೆ, ಲಿಥಿಯಂ-7 ಟಾರ್ಗೆಟ್‌ನಿಂದ ಒಂದು ಪ್ರೋಟಾನ್ ಎಳೆದುಕೊಂಡು ಬೆರಿಲಿಯಂ-8 ಆಗಬಹುದು. ಅದು ಎರಡು ಆಲ್ಫಾಗಳಾಗಿ ಒಡೆಯೋದು ಖಂಡಿತ. ಆದರೆ ತಳಮಟ್ಟದ ಸ್ಥಿತಿಯಲ್ಲಿದ್ದರೆ ಅದು ಸುಮಾರು 10⁻¹⁶ ಸೆಕೆಂಡ್ ಬದುಕುತ್ತೆ, ಅಂದರೆ ಲಕ್ಷ ಪಟ್ಟು ಹೆಚ್ಚು ಹೊತ್ತು! ಅಷ್ಟರಲ್ಲಿ ಅದು ಟಾರ್ಗೆಟ್ ಬಿಟ್ಟು ಎಷ್ಟೋ ದೂರ ಹೋಗಿರುತ್ತೆ. ವಾಪಸ್ ಹೋಗುವಾಗ ಒಡೆದದ್ದು ಫ್ಯೂಷನ್ನಿಗೆ ಅಡ್ಡಿ ಮಾಡೋಕೆ ಸಾಧ್ಯವೇ ಇಲ್ಲ. ಹತ್ತಿರ ಬರುವಾಗಲೇ ಒಡೆದದ್ದು ಮಾತ್ರ ಲೆಕ್ಕಕ್ಕೆ.

2019ರಲ್ಲಿ ಕ್ಯಾನ್‌ಬೆರಾ ತಂಡ ಲಿಥಿಯಂ-7 ಮತ್ತು ಬಿಸ್ಮತ್ ಡಿಕ್ಕಿಯಲ್ಲಿ ಇದನ್ನೇ ಪರೀಕ್ಷಿಸಿತು. ಮೊದಲು ಒಡೆದು ಆಮೇಲೆ ಒಂದು ತುಂಡು ಸಿಕ್ಕಿಬೀಳೋದರಿಂದ ಹುಟ್ಟುವ ಪೊಲೋನಿಯಂ ತೀರಾ ಕಡಿಮೆ ಅಂತ ಗೊತ್ತಾಯ್ತು. ಬಹುಪಾಲು ಸಂದರ್ಭದಲ್ಲಿ ಬಿಸ್ಮತ್ ನೇರವಾಗಿ ಲಿಥಿಯಂ-7ರೊಳಗಿನ ಟ್ರೈಟಾನ್ ತುಂಡನ್ನೇ ಕಿತ್ತುಕೊಳ್ಳುತ್ತೆ.

ಆದ್ದರಿಂದ 30% ಕೊರತೆ ನಿಜ, ದುರ್ಬಲ ಬಂಧದ ಪಾತ್ರವೂ ನಿಜ. ಆದರೆ "ಒಡೆಯಿತು, ಅದಕ್ಕೇ ಸೇರಲಿಲ್ಲ" ಅನ್ನೋ ಸುಲಭದ ಉತ್ತರ ಸಾಲದು. ಎರಡು ಆಲ್ಫಾ ಡಿಟೆಕ್ಟರ್‌ಗೆ ಬಂದು ಬಿದ್ದಾಗ, ಅವು ಬೇರೆಯಾದದ್ದು ಯಾವ ಕ್ಷಣದಲ್ಲಿ ಅಂತ ಮೊದಲು ಕೇಳಬೇಕು.