ತುತ್ತು ಕೊಡದ ತಾಯಿಬಾತು

ಕದರಮಂಡಲಗಿ ಎಂದೊಡನೆ ಹಾವೇರಿ ಜಿಲ್ಲೆಯವರಿಗೆ ನೆನಪಾಗುವುದು ಕಾಂತೇಶನ ಗುಡಿ. ಬ್ಯಾಡಗಿ ತಾಲ್ಲೂಕಿನ ಈ ಊರಿನ ಆಸುಪಾಸಿನಲ್ಲಿ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಹೊಲಗಳು. ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಮುಂಗಾರು ಕೈಹಿಡಿದ ವರ್ಷ ಇಂಥ ಕಡೆ ಊರಕೆರೆಗಳ ಜೊತೆಗೆ ತೋಟದ ಹೊಂಡಗಳೂ ತುಂಬುತ್ತವೆ. ನೀರು ನಿಂತು, ಅಂಚಿನಲ್ಲಿ ಜೇಕು, ಆಪು ಎದೆಯೆತ್ತರ ಬೆಳೆದರೆ ಅಲ್ಲಿಗೆ ಕರೆಯದೆಯೇ ಬರುವವರಲ್ಲಿ ಕಾಡುಬಾತು ಒಂದು. ತೋಟಕ್ಕೆ ನೀರು ಹಾಯಿಸಲು ಹೋದವರು ಮುಂಜಾನೆಯ ಹೊತ್ತಿಗೆ ಕಾಣುವುದು ಇಷ್ಟೆ: ಮುಂದೆ ಒಂದು ದೊಡ್ಡ ಹಕ್ಕಿ, ಹಿಂದೆ ನಿಂಬೆಹಣ್ಣಿನ ಗಾತ್ರದ ಎಂಟು ಹತ್ತು ಮರಿಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಜೇಕಿನೊಳಗೆ ಮಾಯ.

ಯಾವ ಬಾತು ಇದು? ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಬಾತುಗಳಲ್ಲಿ ಹೆಚ್ಚಿನವು ಹೊರನಾಡಿನವು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸಾವಿರಗಟ್ಟಲೆ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನೇ ತೆಗೆದುಕೊಳ್ಳಿ. 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿ ದೊಡ್ಡ ಹೆಸರು ಮಾಡಿತು. ಆದರೆ ಆ ಹೆಬ್ಬಾತುಗಳು ಇಲ್ಲಿ ಮೇಯುತ್ತವೆಯೇ ಹೊರತು ಗೂಡು ಕಟ್ಟುವುದಿಲ್ಲ. ಅವುಗಳ ತವರು ಮಂಗೋಲಿಯ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳು. ನಮ್ಮ ಹೊಂಡದಲ್ಲಿ ಮರಿಮಾಡುವುದು ವರ್ಷವಿಡೀ ಇಲ್ಲೇ ಇರುವ ಚುಕ್ಕೆಬಾತು. ವರಟೆ ಎಂದೂ ಕರೆಯುವುದುಂಟು. ಗುರುತಿಸುವುದು ಸುಲಭ. ಮನೆಯ ಬಾತುಕೋಳಿಯಷ್ಟು ದೊಡ್ಡದು, ಮೈತುಂಬ ಬೂದುಕಂದು ಬಣ್ಣದ ಹುರುಪೆಯಂಥ ಗೆರೆಗಳು, ಕಪ್ಪು ಕೊಕ್ಕಿನ ತುದಿಗೆ ಅರಿಶಿನ ಹಚ್ಚಿದಂತೆ ಹಳದಿ. ಗಂಡಿನ ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆಗಳಿರುತ್ತವೆ, ಹೆಣ್ಣಿನಲ್ಲಿ ಅವು ಚಿಕ್ಕವು, ಕೆಲವೊಮ್ಮೆ ಇರುವುದೂ ಇಲ್ಲ. ಹಾರುವಾಗ ರೆಕ್ಕೆಯಲ್ಲಿ ಹಸಿರು ಪಟ್ಟಿ ಮಿಂಚುತ್ತದೆ.

ಇದರ ಸಂಬಂಧಿಗಳಾದ ಸಿಳ್ಳೆಬಾತು ಮತ್ತು ಇಂಗ್ಲಿಷಿನಲ್ಲಿ ಕಾಟನ್ ಟೀಲ್ ಎನ್ನುವ ಅಂಗೈಯಗಲದ ಪುಟ್ಟ ಬಾತು ಕೂಡ ಕರ್ನಾಟಕದ ಕೆರೆಗಳಲ್ಲಿ ಮರಿಮಾಡುತ್ತವೆ. ಅವಕ್ಕೆ ಮರದ ಪೊಟರೆ ಇಷ್ಟ. ಕಾಟನ್ ಟೀಲಿನ ಮರಿಗಳಂತೂ ಹುಟ್ಟಿದ ಮರುದಿನವೇ ಎತ್ತರದ ಪೊಟರೆಯಿಂದ ಕೆಳಕ್ಕೆ ಹಾರಿಕೊಳ್ಳುತ್ತವೆ! ಮೈಯೆಲ್ಲ ನಯವಾದ ತುಪ್ಪಳ, ತೂಕವೋ ಕೆಲವೇ ಗ್ರಾಂ, ಹಾಗಾಗಿ ಪೆಟ್ಟಾಗುವುದಿಲ್ಲ. ಚುಕ್ಕೆಬಾತಿಗೆ ಈ ಸಾಹಸವಿಲ್ಲ. ನೀರಿನ ಹತ್ತಿರ, ಬದುವಿನ ಹುಲ್ಲಿನಲ್ಲಿ ನೆಲದ ಮೇಲೇ ಅದರ ಗೂಡು.

ದಕ್ಷಿಣ ಭಾರತದಲ್ಲಿ ಇದು ಸಾಮಾನ್ಯವಾಗಿ ಗೂಡು ಮಾಡುವುದು ಮಳೆಗಾಲ ಮುಗಿದು ಕೆರೆಗಳು ತುಂಬಿರುವಾಗ, ಹೆಚ್ಚಾಗಿ ನವೆಂಬರ್, ಡಿಸೆಂಬರ್ ತಿಂಗಳಲ್ಲಿ. ನೀರಿನ ಸ್ಥಿತಿ ನೋಡಿಕೊಂಡು ಇದು ಹಿಂದೆ ಮುಂದೆ ಆಗುವುದುಂಟು. ದಿನಕ್ಕೊಂದರಂತೆ ಎಂಟರಿಂದ ಹದಿನಾಲ್ಕು ಮೊಟ್ಟೆಗಳು. ಇಲ್ಲಿ ಒಂದು ಜಾಣತನವಿದೆ. ಮೊದಲ ಮೊಟ್ಟೆ ಇಟ್ಟೊಡನೆ ಹೆಣ್ಣು ಕಾವಿಗೆ ಕೂರುವುದಿಲ್ಲ. ಕೂತರೆ ಮೊದಲ ಮರಿ ಹೊರಬಂದು ವಾರ ಕಳೆದ ಮೇಲೆ ಕೊನೆಯ ಮರಿ ಹುಟ್ಟೀತು, ಆಗ ತಾಯಿ ಯಾವುದನ್ನು ನೋಡಿಕೊಳ್ಳಬೇಕು? ಕೊನೆಯ ಮೊಟ್ಟೆ ಇಟ್ಟ ಮೇಲಷ್ಟೇ ಕಾವು ಶುರು. ಅಲ್ಲಿಂದ ಸುಮಾರು 24 ದಿನ. ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಮೊಟ್ಟೆಯೊಡೆಯುತ್ತವೆ, ಒಟ್ಟಿಗೇ ನೀರಿಗಿಳಿಯುತ್ತವೆ.

ಇನ್ನು ಮುಂದಿನದೇ ಗಮನಿಸಬೇಕಾದ್ದು. ಗುಬ್ಬಿ, ಕಾಗೆ, ಪಾರಿವಾಳಗಳ ಮರಿಗಳನ್ನು ನೋಡಿದವರಿಗೆ ಗೊತ್ತು: ಮೈಮೇಲೆ ಗರಿಯಿಲ್ಲ, ಕಣ್ಣು ಮುಚ್ಚಿರುತ್ತದೆ, ಬಾಯಿ ಮಾತ್ರ ತೆರೆದಿರುತ್ತದೆ. ತಾಯಿತಂದೆ ದಿನವಿಡೀ ತುತ್ತು ತರಬೇಕು. ಚುಕ್ಕೆಬಾತಿನ ಮರಿ ಹಾಗಲ್ಲ. ಕಣ್ತೆರೆದೇ ಹುಟ್ಟುತ್ತದೆ. ಕಪ್ಪುಹಳದಿ ತುಪ್ಪಳ ಒಣಗುತ್ತಿದ್ದಂತೆ ನಡೆಯುತ್ತದೆ, ಈಜುತ್ತದೆ, ತನ್ನ ಹುಳುವನ್ನು ತಾನೇ ಹಿಡಿಯುತ್ತದೆ. ತಾಯಿ ಅದರ ಬಾಯಿಗೆ ಒಂದೇ ಒಂದು ತುತ್ತನ್ನೂ ಇಡುವುದಿಲ್ಲ.

ಈ ವ್ಯತ್ಯಾಸದ ಗುಟ್ಟು ಮೊಟ್ಟೆಯಲ್ಲಿದೆ. ಗುಬ್ಬಿಯಂಥ ಹಕ್ಕಿಗಳ ಮೊಟ್ಟೆಯಲ್ಲಿ ಹಳದಿ ಲೋಳೆ ಸುಮಾರು ಐದರಲ್ಲೊಂದು ಪಾಲು. ಬಾತಿನ ಮೊಟ್ಟೆಯಲ್ಲಿ ಅದು ಮೂರರಲ್ಲೊಂದು ಪಾಲಿಗೂ ಮೀರಿರುತ್ತದೆ. ಬುತ್ತಿ ದೊಡ್ಡದು, ಕಾವಿನ ಅವಧಿಯೂ ದೀರ್ಘ, ಹಾಗಾಗಿ ಮರಿ ಒಳಗೇ ಪೂರ್ತಿ ಬೆಳೆದು ಹೊರಬರುತ್ತದೆ. ಉಳಿದ ಹಳದಿ ಲೋಳೆಯ ಚೀಲವನ್ನು ಹೊಟ್ಟೆಯೊಳಗೇ ಸೆಳೆದುಕೊಂಡು ಬರುವುದರಿಂದ ಮೊದಲ ಒಂದೆರಡು ದಿನ ಏನೂ ಸಿಗದಿದ್ದರೂ ನಡೆದೀತು. ಗುಬ್ಬಿ ಮರಿ ಹುಟ್ಟಿದ ಮೇಲೆ ಪಡುವ ಶ್ರಮವನ್ನು ಬಾತು ಮೊಟ್ಟೆ ಇಡುವಾಗಲೇ ಪಟ್ಟಿರುತ್ತದೆ. ಯಾರದು ಹೆಚ್ಚಿನ ತಾಯ್ತನ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ತುತ್ತು ಕೊಡದಿದ್ದರೆ ತಾಯಿಗೇನು ಕೆಲಸ? ಮೂರು ಕೆಲಸ, ಮೂರೂ ದೊಡ್ಡವು. ಮರಿಗಳನ್ನು ಹುಳು ಸಿಗುವ ಜಾಗಕ್ಕೆ ಕರೆದೊಯ್ಯಬೇಕು. ಮೊದಲ ವಾರಗಳಲ್ಲಿ ಮರಿಗಳ ಮೈಗೆ ಸ್ವಂತ ಶಾಖ ಕಾಯ್ದುಕೊಳ್ಳುವ ಶಕ್ತಿ ಸಾಲದು, ಆದ್ದರಿಂದ ರಾತ್ರಿ ಮತ್ತು ಮಳೆ ಚಳಿಯ ಹೊತ್ತು ರೆಕ್ಕೆಯಡಿ ಒಣನೆಲದಲ್ಲಿ ಬೆಚ್ಚಗಿಡಬೇಕು. ಮೂರನೆಯದು ಕಾವಲು. ಹದ್ದು ಸುಳಿದರೆ ಒಂದು ಕೂಗು, ಮರಿಗಳೆಲ್ಲ ಜೇಕಿನೊಳಗೆ. ನಾಯಿ ತೀರ ಹತ್ತಿರ ಬಂದರೆ ತಾಯಿ ರೆಕ್ಕೆ ಮುರಿದವಳಂತೆ ನೀರಿನ ಮೇಲೆ ಪಟಪಟ ಹೊರಳಾಡುತ್ತ ದೂರ ಸೆಳೆದೊಯ್ಯುವುದುಂಟು. ನಾಯಿ ಬೆನ್ನು ಹತ್ತಿ ಸಾಕಷ್ಟು ದೂರ ಹೋದಮೇಲೆ ಮುರಿದ ರೆಕ್ಕೆ ಸರಿಯಾಗುತ್ತದೆ!

ಮರಿಗಳು ತಾಯಿಯನ್ನು ಗುರುತಿಸುವ ಬಗೆಯೂ ಸ್ವಾರಸ್ಯದ್ದು. ಹಳ್ಳಿಗಳಲ್ಲಿ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ಊರಕೋಳಿಯ ಕೆಳಗಿಡುವುದುಂಟು. ಮರಿಗಳು ಕೋಳಿಯನ್ನೇ ಅವ್ವ ಎಂದು ತಿಳಿದು ಹಿಂಬಾಲಿಸುತ್ತವೆ, ನೀರು ಕಂಡೊಡನೆ ಮಾತ್ರ ಧುಮುಕುತ್ತವೆ. ದಡದಲ್ಲಿ ಕೋಳಿಯ ಗೋಳು ನೋಡಬೇಕು! ಹುಟ್ಟಿದ ಮೊದಲ ದಿನದಲ್ಲಿ ಎದುರು ಚಲಿಸಿದ್ದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುವ ಈ ಗುಣವನ್ನು ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ 1930ರ ದಶಕದಲ್ಲಿ ವಿವರವಾಗಿ ಬಣ್ಣಿಸಿದರು. ಹೆಬ್ಬಾತಿನ ಮರಿಗಳು ಅವರನ್ನೇ ತಾಯಿ ಎಂದುಕೊಂಡು ಹಿಂದೆ ಹಿಂದೆ ಸುತ್ತಿದ ಚಿತ್ರಗಳನ್ನು ಪಠ್ಯಪುಸ್ತಕಗಳಲ್ಲಿ ಕಂಡಿರಬಹುದು. 1973ರಲ್ಲಿ ಲೊರೆಂಜ್, ಟಿನ್‌ಬರ್ಗೆನ್ ಮತ್ತು ಜೇನುಹುಳುಗಳ ನೃತ್ಯವನ್ನು ಓದಿದ ಫಾನ್ ಫ್ರಿಶ್ ಮೂವರಿಗೂ ನೊಬೆಲ್ ಬಂತು. ಮುಂದೆ ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಇನ್ನೊಂದು ಸಂಗತಿ ತೋರಿಸಿದರು. ಬಾತಿನ ಮರಿಗಳು ಹುಟ್ಟುವ ಮೊದಲೇ, ಚಿಪ್ಪಿನೊಳಗಿಂದಲೇ ಚಿಂವ್‌ಗುಡುತ್ತವೆ, ಕೇಳಿಸಿಕೊಳ್ಳುತ್ತವೆ. ಯಂತ್ರದಲ್ಲಿ ಕಾವು ಕೊಟ್ಟು ಹುಟ್ಟಿಸಿದ ಮರಿ ಕೂಡ ಕೋಳಿಯ ಕೂಗಿಗಿಂತ ತನ್ನ ಜಾತಿಯ ತಾಯಿಯ ಕೂಗಿನತ್ತಲೇ ನಡೆಯುತ್ತದೆ. 2016ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ವಿಜ್ಞಾನಿಗಳು ಒಂದು ದಿನದ ಮರಿಗಳಿಗೆ ಒಂದೇ ಆಕಾರದ ಜೋಡಿ ವಸ್ತುಗಳನ್ನು ತೋರಿಸಿದರು. ಮುಂದೆ ಬೇರೆಯದೇ ವಸ್ತುಗಳನ್ನು ಇಟ್ಟಾಗಲೂ ಆ ಮರಿಗಳು 'ಒಂದೇ ಥರದ ಜೋಡಿ'ಯ ಹಿಂದೆಯೇ ಹೆಚ್ಚಾಗಿ ಹೋದವು. 'ಒಂದೇ', 'ಬೇರೆ' ಎಂಬ ಲೆಕ್ಕ ನಮ್ಮ ಬಾಲವಾಡಿಯ ಪಾಠ!

ಸಾಲಾಗಿ ಈಜುವುದಕ್ಕೂ ಕಾರಣವಿದೆ. ಅಮೆರಿಕದ ಫ್ರಾಂಕ್ ಫಿಶ್ (ಹೆಸರೂ ಮೀನೇ) 1990ರ ದಶಕದಲ್ಲಿ ಮರಿಗಳ ಕಾಲಿನ ಬಡಿತವನ್ನು ಲೆಕ್ಕ ಹಾಕಿ, ಹಿಂದಿರುವ ಮರಿಗೆ ದಣಿವು ಕಡಿಮೆ ಎಂದು ಕಂಡರು. ಏಕೆಂಬುದನ್ನು 2021ರಲ್ಲಿ ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಝಿಮಿಂಗ್ ಯುವಾನ್ ತಂಡ ಗಣಿತದಿಂದ ತೋರಿಸಿತು. ನೀರಿನ ಮೇಲೆ ಸಾಗುವ ಯಾವುದೇ ವಸ್ತು ಅಲೆ ಎಬ್ಬಿಸುತ್ತದೆ, ಅಲೆ ಎಬ್ಬಿಸಲು ಶಕ್ತಿ ವ್ಯಯವಾಗುತ್ತದೆ. ತಾಯಿಯ ಹಿಂದೆ ಸರಿಯಾದ ಜಾಗದಲ್ಲಿರುವ ಮರಿಗೆ ತಾಯಿ ಎಬ್ಬಿಸಿದ ಅಲೆಯೇ ಮುಂದಕ್ಕೆ ನೂಕುತ್ತದೆ. ಸಾಲಿನಲ್ಲಿ ಮೂರನೆಯ ಮರಿಯಿಂದಾಚೆಗೆ ಅಲೆಯ ತಡೆ ಬಹುತೇಕ ಸೊನ್ನೆಗಿಳಿಯುತ್ತದೆ, ಪ್ರತಿ ಮರಿಯೂ ತನಗೆ ಸಿಕ್ಕ ಅಲೆಯನ್ನು ಹಿಂದಿನದಕ್ಕೆ ದಾಟಿಸುತ್ತದೆ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2022ರಲ್ಲಿ ಫಿಶ್ ಮತ್ತು ಯುವಾನ್ ತಂಡದವರಿಗೆ ದೊರೆಯಿತು. ಸಾಲು ತಪ್ಪಿದ ಮರಿ ತುಸು ಹೊತ್ತಿನಲ್ಲೇ ಗಡಿಬಿಡಿಯಿಂದ ಕಾಲು ಬಡಿಯುತ್ತ ಮತ್ತೆ ಸಾಲಿಗೆ ಸೇರುವುದನ್ನು ಯಾವ ಹೊಂಡದಲ್ಲಾದರೂ ನೋಡಬಹುದು.

ಇಷ್ಟೆಲ್ಲ ಸಿದ್ಧತೆಯಿಂದ ಹುಟ್ಟಿದರೂ ಮರಿ ಉಳಿಯುವುದು ಬಿಡುವುದು ಹೊಂಡದ ಅಂಚಿನ ಮೇಲೆ ನಿಂತಿದೆ. ದೊಡ್ಡ ಬಾತಿನ ಆಹಾರ ಬಹುಮಟ್ಟಿಗೆ ಸೊಪ್ಪು, ಬೀಜ, ಗೆಡ್ಡೆ. ಮರಿಗೆ ಅದು ಸಾಲದು. ತಿಂಗಳೊಪ್ಪತ್ತಿನಲ್ಲಿ ಹಲವು ಪಟ್ಟು ತೂಗಬೇಕಾದ ಮೈಗೆ ಪ್ರೋಟೀನ್ ಬೇಕು. ಸೊಳ್ಳೆಮರಿ, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆ, ಪುಟ್ಟ ಬಸವನಹುಳು, ಇವೇ ಅದರ ಊಟ. ಇವು ಸಿಗುವುದು ಹೊಂಡದ ನಡುವಿನ ಆಳದಲ್ಲಲ್ಲ, ಮೊಣಕಾಲುದ್ದ ನೀರಿರುವ ಜೇಕಿನ ಬುಡದಲ್ಲಿ. ನಾವು ಕಸ ಎಂದು ವರ್ಷಕ್ಕೊಮ್ಮೆ ಕೆತ್ತಿ ತೆಗೆಯುವುದು ಇದನ್ನೇ. ಎಣ್ಣೆ ಹೊಡೆದ ಪಂಪನ್ನು ಹೊಂಡದಲ್ಲೇ ಗಲಬರಿಸುವ ರೂಢಿಯೂ ಕೆಲವೆಡೆ ಇದೆ. ಕೀಟನಾಶಕ ಮರಿಯನ್ನು ನೇರವಾಗಿ ಕೊಲ್ಲಬೇಕೆಂದೇನಿಲ್ಲ. ಹುಳು ಸತ್ತರೆ ಸಾಕು, ತುಂಬಿದ ಹೊಂಡದಲ್ಲೇ ಮರಿ ಉಪವಾಸ ಬೀಳುತ್ತದೆ. ತಾಯಿಗೆ ತುತ್ತು ತಂದುಕೊಡುವ ವಿದ್ಯೆಯೇ ಗೊತ್ತಿಲ್ಲವಲ್ಲ.

ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಕಥೆ ಇನ್ನೂ ಕಠಿಣ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯ ಜಿಲ್ಲೆಗಳಲ್ಲಿ ಇಂಥ ಹೊಂಡಗಳು ಬಹಳವಾದವು. ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟು ಬೆಳೆ ಉಳಿಸುವ ಈ ಹೊಂಡಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಳಿಜಾರು ಕಡಿದು, ಹಾಳೆ ನುಣುಪು, ನೀರಿನ ಮಟ್ಟಕ್ಕೆ ಪಾಚಿ. ಹತ್ತಿರದ ಬದುವಿನಲ್ಲಿ ಮೊಟ್ಟೆಯೊಡೆದ ಮರಿಗಳನ್ನು ತಾಯಿ ಕಣ್ಣಿಗೆ ಬಿದ್ದ ಮೊದಲ ನೀರಿಗೆ ಇಳಿಸಿದರೆ ಅವು ಜಾರಿ ಇಳಿಯುತ್ತವೆ, ಏರಲಾರವು. ತಾಯಿ ಹಾರಿ ಮೇಲೆ ಬರುತ್ತದೆ, ಕೂಗುತ್ತದೆ, ಮರಿಗಳಿಗೆ ರೆಕ್ಕೆ ಇನ್ನೂ ಬಂದಿಲ್ಲ. ಒಣನೆಲ ಸಿಗದೆ, ತಾಯಿಯ ಕಾವು ಸಿಗದೆ ತುಪ್ಪಳ ನೆನೆದು ಚಳಿಗೆ ಸಾಯುತ್ತವೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಎರಡು ಹಳೆಯ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಒಂದು ತುದಿಯನ್ನು ದಡದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ನೀರೊಳಗೆ ಇಳಿಯುವಂತೆ ಬಿಟ್ಟರೆ ಮರಿಯ ಉಗುರಿಗೆ ಹಿಡಿತ ಸಿಗುತ್ತದೆ. ನೀರು ಇಳಿದಂತೆ ಚೀಲವೂ ತಳದವರೆಗೆ ತಲುಪುವಷ್ಟು ಉದ್ದವಿರಬೇಕು. ನಾಲ್ಕು ಬಾಳೆದಿಂಡನ್ನು ಬಿದಿರಗಳ ಚುಚ್ಚಿ ಜೋಡಿಸಿ ತೇಲಬಿಟ್ಟರೆ ತಾಯಿಮರಿಗಳಿಗೆ ಕೂರಲು ಜಾಗವಾಯಿತು, ನಾಯಿಯ ಕಾಟವೂ ಇಲ್ಲ. ದಡದಿಂದ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡುವುದನ್ನಂತೂ ಬಾತಿರಲಿ ಬಿಡಲಿ ಮಾಡಲೇಬೇಕು. ಕೃಷಿಹೊಂಡಕ್ಕೆ ಜಾರಿದ ಮಕ್ಕಳು ಮೇಲೇರಲಾಗದೆ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಪಾಲಕರು ಬಾತು ತೋರಿಸಲು ಮಕ್ಕಳನ್ನು ಕರೆದೊಯ್ಯುವುದಾದರೆ ಬೇಲಿಯ ಹೊರಗೇ ನಿಲ್ಲಬೇಕು, ಮಕ್ಕಳನ್ನು ಒಂಟಿಯಾಗಿ ಕಳಿಸಕೂಡದು.

ನೋಡುವುದಕ್ಕೆ ಬೇಕಾದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲು. ದುರ್ಬೀನು ಇದ್ದರೆ ಒಳ್ಳೆಯದು. ಬೆಳಗಿನ ಏಳರೊಳಗೆ ಅಥವಾ ಸಂಜೆ ಐದರ ಮೇಲೆ, ಮೂವತ್ತು ನಲವತ್ತು ಮೀಟರು ದೂರದಲ್ಲಿ ಮರದ ಮರೆಗೆ ಕೂತರೆ ಸಾಕು. ಗೂಡು ಹುಡುಕಿಕೊಂಡು ಹುಲ್ಲು ತುಳಿಯಬೇಡಿ. ಮನುಷ್ಯರು ತುಳಿದ ಜಾಡು ಹಿಡಿದು ಮುಂಗುಸಿ ಬಂದೀತು, ಕಾವಿಗೆ ಕೂತ ಹಕ್ಕಿ ಗೂಡನ್ನೇ ಬಿಟ್ಟೀತು. ಚುರುಮುರಿ ಎಸೆಯುವುದೂ ಬೇಡ, ಹೊಟ್ಟೆ ತುಂಬೀತೇ ಹೊರತು ಮೈ ಬೆಳೆಯದು. ಪ್ರತಿದಿನ ಬರೆಯಬೇಕಾದ್ದು ತಾರೀಖು, ಹೊತ್ತು, ಮರಿಗಳ ಎಣಿಕೆ, ಅವು ಮೇಯುತ್ತಿದ್ದ ಜಾಗ.

ಎಣಿಕೆ ಇಳಿಯುತ್ತ ಹೋಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಹದ್ದು, ಕಾಗೆ, ಕೇರೆಹಾವು, ಉಡ, ದೊಡ್ಡ ಮೀನು, ಬೆಕ್ಕು, ಎಲ್ಲರಿಗೂ ಮರಿ ಬೇಕು. ಚುಕ್ಕೆಬಾತಿನ ಹತ್ತಿರದ ಬಂಧು ಮಲ್ಲಾರ್ಡ್ ಬಾತಿನ ಮೇಲೆ ನಡೆದ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳು ಹಾರುವ ಮೊದಲೇ ಸಾಯುವುದು ಸಾಮಾನ್ಯ, ಅದರಲ್ಲೂ ಮೊದಲ ಎರಡು ವಾರವೇ ಗಂಡಾಂತರದ ಕಾಲ. ಹತ್ತು ಏಳಾಯಿತೆಂದು ಉಳಿದವನ್ನು ಮನೆಗೆ ತಂದು ಬುಟ್ಟಿಯಲ್ಲಿಡುವ ಕನಿಕರ ಬೇಡ. ತಾಯಿ ಹತ್ತಿರದಲ್ಲೇ ಅಡಗಿರುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಬಾತನ್ನು ಹಿಡಿಯುವುದು, ಅದರ ಮೊಟ್ಟೆ ತೆಗೆಯುವುದು ಅಪರಾಧ. ಹಾಳೆಯ ಹೊಂಡದಲ್ಲಿ ಸಿಕ್ಕಿಬಿದ್ದ ಮರಿಗಳಿಗೆ ಗೋಣಿಚೀಲ ಇಳಿಬಿಟ್ಟು ದೂರ ಸರಿದರೆ ಅಷ್ಟೇ ಸಾಕು.

ಮೂರನೆಯ ವಾರದ ಹೊತ್ತಿಗೆ ತುಪ್ಪಳದ ನಡುವೆ ಗರಿ ಮೂಡತೊಡಗುತ್ತದೆ. ಮರಿಗಳು ತಾಯಿಯಿಂದ ತುಸು ದೂರ ಹೋಗಿ ಮೇಯುತ್ತವೆ, ತಲೆ ನೀರೊಳಗೆ, ಬಾಲ ಆಕಾಶಕ್ಕೆ ಮಾಡಿ ತಳದ ಗೆಡ್ಡೆ ಕೀಳಲು ಕಲಿಯುತ್ತವೆ. ಹಾರಲು ಎರಡು ತಿಂಗಳ ಆಸುಪಾಸು. ಮರಿ ಬೆಳೆದ ಮೇಲೆ ತಾಯಿಗೆ ಇನ್ನೊಂದು ಕಷ್ಟ ಕಾದಿದೆ: ಬಾತುಗಳು ಹಾರುವ ಗರಿಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೇ ಉದುರಿಸುತ್ತವೆ. ಹೊಸಗರಿ ಬರುವ ಕೆಲವು ವಾರ ದೊಡ್ಡ ಹಕ್ಕಿಯೂ ಹಾರಲಾರದು, ಅದಕ್ಕೂ ಅದೇ ಜೇಕಿನ ಮರೆ ಬೇಕು. ಫೆಬ್ರುವರಿಯ ನಂತರ ಹೊಂಡದ ನೀರು ತಳ ಕಾಣತೊಡಗಿದಾಗ ಕುಟುಂಬ ಒಂದು ರಾತ್ರಿ ದೊಡ್ಡ ಕೆರೆಯತ್ತ ಹೊರಟುಬಿಡುತ್ತದೆ. ನೋಟುಪುಸ್ತಕದ ಕೊನೆಯ ಸಾಲಿಗೆ ಆ ತಾರೀಖನ್ನು, ಅಂದು ಹೊಂಡದಲ್ಲಿ ಎಷ್ಟು ಅಡಿ ನೀರಿತ್ತೆಂಬುದನ್ನು ಬರೆದಿಟ್ಟರೆ ಮುಂದಿನ ವರ್ಷದ ಲೆಕ್ಕದೊಡನೆ ಹೋಲಿಸಬಹುದು.