ಮನಸ್ಸಿನ ಲೆಕ್ಕಾನೂ ಬರೆದಿಡ್ರಿ

ಭೋಜದಿಂದ ಮಾತಾಡಾಕತ್ತೀನಿ. ನಮ್ಮ ಕಡೆ ಮನ್ಯಾಗ ಕನ್ನಡ, ನಿಪ್ಪಾಣಿ ಪ್ಯಾಟ್ಯಾಗ ಮರಾಠಿ, ಮೊಬೈಲ್‌ನ್ಯಾಗ ಇಂಗ್ಲಿಷ್. ಹಂಗಾದ್ರ ಮನಸ್ಸಿನ ಭಾರ ಯಾವ ಭಾಷೆಯೊಳಗ ಇಳಿಸಬೇಕು? ಬೈಗುಳ ಯಾವ ಭಾಷೆಯೊಳಗ ಬರ್ತದೋ ಅದರಾಗ!

ಬಿ.ಕಾಂ. ಓದಿದವ ನಾನು, ಲೆಕ್ಕದ ಉದಾಹರಣೆನೇ ಕೊಡ್ತೀನಿ. ಬರೆದಿಡದ ಸಾಲ ತಲೆಯೊಳಗೆ ಬೆಳೀತಾ ಹೋಗ್ತದ. ಪುಸ್ತಕಕ್ಕೆ ಇಳಿಸಿದರೆ ಅದಕ್ಕೊಂದು ಮೊತ್ತ ಸಿಗ್ತದ. ಚಿಂತೀನೂ ಹಂಗ.

1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷ, 4 ದಿನ ತಮ್ಮ ನೋವಿನ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ನಡೆದದ್ದು, ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ.

ಬ್ಲಾಗ್ ಇದಕ್ಕೆ ಓದುಗನನ್ನು ಸೇರಿಸ್ತದ. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಮುಂದೆ ಯೂನಿಕೋಡ್; ಈಗ ಫೋನಿನ ಕೀಬೋರ್ಡ್‌ನಲ್ಲೇ ಕನ್ನಡ ಐತಿ. ನಮ್ಮ ಗಡಿಯ ಮಿಶ್ರ ಮಾತಿನಲ್ಲೇ ಬರೆದರೆ, ಪುಣೆಯಲ್ಲಿ ದುಡಿಯೋ ಹುಡುಗನೊಬ್ಬ ‘ಇದು ನಂದೂ ಕತಿ’ ಅನ್ನಬಹುದು. ಒಂಟಿತನ ಕಡಿಮೆ ಆಗೋದು ಅಲ್ಲೇ.

ಆದರೆ ಸಣ್ಣ ಊರಾಗ ಹೆಸರು ಬರೀದಿದ್ರೂ ಗುರ್ತು ಸಿಗ್ತದ. ಅದಕ್ಕೇ ಮೊದಲ ನಾಲ್ಕು ದಿನ ನಿಮಗಷ್ಟೇ ಬರಕೊಳ್ರಿ. ಐದನೇ ದಿನ ಓದಿ, ನಿಮ್ಮ ಮಾತು ಉಳಿಸಿ, ಇನ್ನೊಬ್ಬರ ಗುಟ್ಟು ತೆಗೆದು ಹಾಕ್ರಿ. ಆಮೇಲೆ ಪೋಸ್ಟ್ ಮಾಡ್ರಿ.

ಬರೆದರೂ ನಿದ್ದಿ ಬರವಲ್ದು, ಬದುಕೇ ಬ್ಯಾಡ ಅನ್ನಿಸ್ತದ ಅಂದ್ರ, ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚ್ರಿ. ಕನ್ನಡದಾಗೇ ಮಾತಾಡಬಹುದು, ರೊಕ್ಕ ಕೊಡೋದಿಲ್ಲ.