ಹಬ್ಬದ ಖರ್ಚಿಗೆ ತೋಟವೇ ಅಂಗಡಿ

ಈ ಸಂಚಿಕೆ ಸದಸ್ಯ ಬಾಂಧವರ ಕೈಸೇರುವ ಹೊತ್ತಿಗೆ ಆಷಾಢದ ಮಳೆ ಹಿಡಿದಿರುತ್ತದೆ. ಇನ್ನು ಹಬ್ಬಗಳ ಸಾಲು. ನಾಗರಪಂಚಮಿ, ಅಷ್ಟಮಿ, ಚೌತಿ, ನವರಾತ್ರಿ, ಕೊನೆಗೆ ದೀಪಾವಳಿ. ಹಬ್ಬಗಳನ್ನು ಗೊತ್ತುಮಾಡಿದ ಹಿರಿಯರು ಭತ್ತದ ಗದ್ದೆಯನ್ನು ನೋಡಿದ್ದರೋ ಏನೋ, ಅಡಿಕೆ ಕಾಫಿಯ ತೋಟವನ್ನಂತೂ ನೋಡಿದಂತೆ ಕಾಣುವುದಿಲ್ಲ! ಏಕೆಂದರೆ ನಮ್ಮ ಪೆಟ್ಟಿಗೆ ವರ್ಷದಲ್ಲಿ ಅತ್ಯಂತ ಹಗುರಾಗಿರುವುದು ಇದೇ ತಿಂಗಳುಗಳಲ್ಲಿ.

ಲೆಕ್ಕ ಎಲ್ಲರಿಗೂ ತಿಳಿದದ್ದೇ. ಚಾಲಿ ಮಾಡುವವರು ಹಣ್ಣಡಿಕೆ ಕೊಯ್ಯುವುದು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿಯವರೆಗೆ. ಕೊಯ್ದದ್ದು ಅಂಗಳದಲ್ಲಿ ಒಣಗಲು 40-45 ದಿನದ ಬಿಸಿಲು ಬೇಕು. ಕೆಂಪಡಿಕೆ ಮಾಡುವ ಮಲೆನಾಡಿನವರಿಗೆ ಕೊಯ್ಲು ತುಸು ಬೇಗ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ. ಕಾಫಿಯಲ್ಲಿ ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ, ರೊಬಸ್ಟಾ ಅದರ ನಂತರ. ಇತ್ತ ಜೂನ್ ಬಂದರೆ ಬೋರ್ಡೊ ದ್ರಾವಣದ ಸುಣ್ಣ, ಮೈಲುತುತ್ತು, ಔಷಧಿ ಹೊಡೆಯುವವರ ಕೂಲಿ, ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಕೊಡೆ. ಇವೆಲ್ಲ ಮುಗಿದು ಉಸಿರು ಬಿಡುವಷ್ಟರಲ್ಲಿ ಹಬ್ಬ ಬಾಗಿಲಿಗೆ ಬಂದು ನಿಂತಿರುತ್ತದೆ.

ಆಗ ಸಣ್ಣ ಹಿಡುವಳಿದಾರರು ಮಾಡುವುದೇನು? ಉಳಿಸಿಟ್ಟ ಎರಡು ಮೂಟೆ ಅಡಿಕೆಯನ್ನು ಅಂದಿನ ಧಾರಣೆಗೆ ಕೊಟ್ಟುಬಿಡುತ್ತಾರೆ. ಅದೂ ಇಲ್ಲದವರು ಮುಂದಿನ ಬೆಳೆಯ ಮೇಲೆ ಮುಂಗಡ ತರುತ್ತಾರೆ. ಮುಂಗಡ ಕೊಟ್ಟವನೇ ಬೆಲೆಯನ್ನೂ ಕಟ್ಟುತ್ತಾನೆ. ಕಿಲೋಗೆ 20 ರೂಪಾಯಿ ಕಡಿಮೆಗೆ ಒಪ್ಪಿ ಎರಡು ಕ್ವಿಂಟಲಿಗೆ ಮಾತು ಕೊಟ್ಟರೆ ಹೋಯಿತು 4,000 ರೂಪಾಯಿ. ಹಬ್ಬದ ತಿಂಡಿಯ ಪೊಟ್ಟಣ, ಬಣ್ಣದ ದೀಪ, ನೆಂಟರಿಗೆ ಕೊಟ್ಟ ಡಬ್ಬಿ ಇವುಗಳ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿರುವುದಿಲ್ಲ. ಆ 4,000ವನ್ನೂ ಅದಕ್ಕೆ ಕೂಡಿಸಬೇಕು.

ಬೆಳೆಯನ್ನು ಹಿಡಿದಿಟ್ಟು ಮಾರುವ ಶಕ್ತಿ ನಮಗೆ ಸುಲಭವಾಗಿ ಬಂದದ್ದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕಾಫಿಯಲ್ಲಿ ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ ಕೊನೆಗೊಂಡ ಮೇಲೆ ಯಾವಾಗ ಮಾರಬೇಕೆಂಬುದು ಬೆಳೆಗಾರರ ಕೈಗೇ ಬಂತು. ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಇಟ್ಟ ಚಾಲಿ ಹಳತಾದಷ್ಟೂ ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಹೆಚ್ಚಿನ ಬೆಲೆ ಪಡೆಯುತ್ತದೆ. ಹೀಗಿರುವಾಗ ಚೌತಿಯ ಚಕ್ಕುಲಿಗಾಗಿ ಮೂಟೆಯ ಬಾಯಿ ಬಿಚ್ಚುವುದು ಎಷ್ಟು ಸರಿ?

ಹಬ್ಬವನ್ನೇ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಹಬ್ಬವಿಲ್ಲದ ಮನೆಯಲ್ಲಿ ಮಕ್ಕಳಿಗೆ ನೆನಪಾದರೂ ಏನುಳಿದೀತು? ನಾವು ಹೇಳುವುದಿಷ್ಟೆ. ಹಬ್ಬದ ಖರ್ಚೆಂದರೆ ಮುಖ್ಯವಾಗಿ ಮೂರು: ತಿಂಡಿ, ಅಲಂಕಾರ, ಉಡುಗೊರೆ. ಈ ಮೂರಕ್ಕೂ ಬೇಕಾದ ಸಾಮಾನು ಬಹುಪಾಲು ನಮ್ಮ ತೋಟದಲ್ಲಿಯೇ ಬಿದ್ದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ತಿಂಡಿ: ಉಗ್ರಾಣದಿಂದ ಒಂದಿಷ್ಟು, ಹಿತ್ತಿಲಿನಿಂದ ಒಂದಿಷ್ಟು

ಬೇಸಗೆಯಲ್ಲಿ ಬಲಿತ, ಆದರೆ ಹಣ್ಣಾಗದ ಹಲಸಿನ ಸೊಳೆಯನ್ನು ಬೇಯಿಸಿ, ಉಪ್ಪು ಮೆಣಸು ಸೇರಿಸಿ ಅರೆದು ಹಪ್ಪಳ ಒತ್ತಿದ ಮನೆಗಳಲ್ಲಿ ಈಗಾಗಲೇ ಡಬ್ಬಿ ತುಂಬಿದೆ. ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಸಿದವರಿಗೆ ಇನ್ನೂ ಒಂದು ದಾರಿಯಿದೆ. ಅದು ಉಂಡ್ಲಕಾಳು. ಹಿಂದಿನ ರಾತ್ರಿಯೇ ಉಪ್ಪುಸೊಳೆಯನ್ನು ತೊಳೆದು ನೀರಿನಲ್ಲಿ ಹಾಕಿಡಬೇಕು. ಎರಡು ಮೂರು ಸಲ ನೀರು ಬದಲಿಸಿದರೆ ಉಪ್ಪು ಹದಕ್ಕೆ ಬರುತ್ತದೆ. ಬೆಳಗ್ಗೆ ಚೆನ್ನಾಗಿ ಹಿಂಡಿ, ಮೂರು ಲೋಟ ಸೊಳೆಗೆ ಒಂದು ಲೋಟ ನೆನೆದ ಬೆಳ್ತಿಗೆ ಅಕ್ಕಿ, ಅರ್ಧ ಲೋಟ ತೆಂಗಿನತುರಿ, ಒಂದು ಚಮಚ ಜೀರಿಗೆ ಸೇರಿಸಿ ನೀರು ಹಾಕದೆ ಗಟ್ಟಿಯಾಗಿ ಅರೆಯಬೇಕು. ಗೋಲಿಗಿಂತ ಚಿಕ್ಕ ಉಂಡೆ ಕಟ್ಟಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕರಿಯಬೇಕು. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ. ಹದವಾಗಿ ಕರಿದದ್ದು ಮಳೆಗಾಲದ ಸಂಜೆಯ ಕಾಫಿಗೆ ಅಂಗಡಿಯ ಯಾವ ಪೊಟ್ಟಣಕ್ಕೂ ಕಡಿಮೆಯಿಲ್ಲ.

ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು. ಕೊಂಕಣಿ ಮನೆಗಳಲ್ಲಿ ಇದನ್ನು ಪಾತೋಳಿ ಎನ್ನುತ್ತಾರೆ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಉಪ್ಪು ಹಾಕಿ ದೋಸೆ ಹಿಟ್ಟಿಗಿಂತ ದಪ್ಪಗೆ ನುಣ್ಣಗೆ ಅರೆಯಿರಿ. ಒಂದು ತೆಂಗಿನಕಾಯಿಯ ತುರಿ, ಒಂದು ಲೋಟ ಪುಡಿಬೆಲ್ಲ, ನಾಲ್ಕು ಏಲಕ್ಕಿ ಕೂಡಿಸಿ ಹೂರಣ. ತೊಳೆದೊರಸಿದ ಎಲೆಗೆ ಹಿಟ್ಟು ಸವರಿ, ಅರ್ಧಕ್ಕೆ ಹೂರಣ ಹರಡಿ, ಮಡಚಿ, 20-25 ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ಎಣ್ಣೆ ಒಂದು ಹನಿಯೂ ಬೇಡ. ಹಿತ್ತಿಲಿನಲ್ಲಿ ನಾಲ್ಕು ಬುಡ ಅರಿಶಿನ, ತೋಟದಲ್ಲಿ ತೆಂಗು, ಏಲಕ್ಕಿ ಇದ್ದವರು ಹಣ ಕೊಟ್ಟು ತರಬೇಕಾದದ್ದು ಬೆಲ್ಲ ಮತ್ತು ಗದ್ದೆಯಿಲ್ಲದಿದ್ದರೆ ಅಕ್ಕಿ.

ಇನ್ನು ಬಾಳೆ. ಅಡಿಕೆ ತೋಟದಲ್ಲಿ ಗೊನೆ ಒಟ್ಟಿಗೆ ಬಲಿತಾಗ ಪೇಟೆಯಲ್ಲಿ ಕೇಳುವವರಿರುವುದಿಲ್ಲ. ನೇಂದ್ರ ಕಾಯಿ ಇದ್ದರೆ ಉಪ್ಪೇರಿ ಮಾಡಿ. ಸಿಪ್ಪೆ ತೆಗೆದು, ಅರಿಶಿನದ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿಟ್ಟು, ಒರಸಿ, ಕಾದ ಎಣ್ಣೆಯ ಮೇಲೆಯೇ ತೆಳುವಾಗಿ ತುರಿಯಬೇಕು. ಎಣ್ಣೆಯ ಸದ್ದು ಅಡಗುತ್ತ ಬಂದಾಗ ಒಂದು ಚಮಚ ದಟ್ಟ ಉಪ್ಪುನೀರನ್ನು ದೂರ ನಿಂತು ಹಾಕಬೇಕು. ಒಮ್ಮೆ ಭುಸ್ಸೆಂದು ಉಕ್ಕುತ್ತದೆ, ಆದ್ದರಿಂದ ಮಕ್ಕಳು ಹತ್ತಿರ ಇರಬಾರದು. ಸದ್ದು ಪೂರ್ತಿ ನಿಂತ ಮೇಲೆ ತೆಗೆದರೆ ಗರಿಗರಿ. ಪೂರ್ತಿ ತಣಿಯದೆ ಡಬ್ಬಿಗೆ ತುಂಬಬೇಡಿ.

ಗೊನೆ ಹಣ್ಣಾಗಿಹೋಯಿತೇ? ಹಲ್ವ ಮಾಡಿ. ಚೆನ್ನಾಗಿ ಕಳಿತ 12 ನೇಂದ್ರ ಹಣ್ಣನ್ನು ಕಿವುಚಿ, ದಪ್ಪ ತಳದ ಬಾಣಲೆಯಲ್ಲಿ ನೀರಾರುವ ತನಕ ಮಗುಚಬೇಕು. ಹಣ್ಣಿನ ಅರ್ಧ ತೂಕದ ಬೆಲ್ಲ ಹಾಕಿ, ಆಗಾಗ ಒಂದೊಂದು ಚಮಚ ತುಪ್ಪ ಬಿಡುತ್ತ, ಪಾಕ ಬಾಣಲೆಯ ಬದಿ ಬಿಡುವ ತನಕ ಕೈಯಾಡಿಸಬೇಕು. ಸುಮಾರು ಒಂದು ಗಂಟೆಯ ಕೆಲಸ. ತಟ್ಟೆಗೆ ಹರಡಿ ತಣಿದ ಮೇಲೆ ಕತ್ತರಿಸಿದರೆ ಒಂದು ವಾರಕ್ಕೆ ಚಿಂತೆಯಿಲ್ಲ. ನೇಂದ್ರ ಇಲ್ಲದವರು ಬೇರೆ ಹಣ್ಣಿನಲ್ಲೂ ಮಾಡಬಹುದು. ನೀರಂಶ ಹೆಚ್ಚಿರುವುದರಿಂದ ಮಗುಚುವ ಹೊತ್ತು ತುಸು ಹೆಚ್ಚು ಹಿಡಿಯುತ್ತದೆ.

ಅಲಂಕಾರ: ಬಿದಿರು, ಹಾಳೆ, ನಾರು

ದೀಪಾವಳಿಗೆ ಪ್ಲಾಸ್ಟಿಕ್ಕಿನ ತೂಗುದೀಪ ತರುವ ಮುಂಚೆ ಮನೆಯ ಮಕ್ಕಳಿಗೆ ಗೂಡುದೀಪ ಕಟ್ಟಲು ಕಲಿಸಿರಿ. ಒಂದು ಅಡಿ ಉದ್ದದ 12 ಬಿದಿರು ಕಡ್ಡಿ ಸೀಳಿಕೊಂಡರೆ ಸಾಕು. ನಾಲ್ಕು ಕಡ್ಡಿಗಳ ಚೌಕ ಕೆಳಗೊಂದು ಮೇಲೊಂದು, ನಡುವೆ ನಾಲ್ಕು ಕಂಬ. ಮೂಲೆಗಳನ್ನು ನೆನೆಸಿದ ಬಾಳೆನಾರಿನಿಂದ ಬಿಗಿಯಬೇಕು. ನಾಲ್ಕು ಬದಿಗೂ ಬಣ್ಣದ ಕಾಗದ ಅಂಟಿಸಿ, ಮೇಲೆ ಕೆಳಗೆ ಗಾಳಿಯಾಡಲು ತೆರೆದು ಬಿಡಬೇಕು. ಉಳಿದ ಕಾಗದದ ಪಟ್ಟಿಯೇ ಬಾಲ. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಆಯಿತು. ಜಿರಳೆ ತಿನ್ನದಿರಲೆಂದು ಅಂಟಿಗೆ ಮೈಲುತುತ್ತು ಹಾಕುವ ರೂಢಿ ಕೆಲವೆಡೆ ಇದೆ. ಅದು ವಿಷ. ಮಕ್ಕಳು ಕೈಹಾಕುವ ಅಂಟಿಗೆ ಅದು ಬೇಡವೇ ಬೇಡ. ಒಳಗೆ ಹಣತೆ ಇಟ್ಟರೆ ಗಾಳಿಗೆ ಕಾಗದ ಹೊತ್ತಿಕೊಳ್ಳುವ ಭಯವಿದೆ. ಒಂದು ಚಿಕ್ಕ ಎಲ್‌ಇಡಿ ಬಲ್ಬು ಇಳಿಬಿಟ್ಟರೆ ವಿದ್ಯುತ್ತಿನ ಖರ್ಚೂ ಅಲ್ಪ. ತಂತಿಯ ಜೋಡಣೆ ಮಾತ್ರ ಮಳೆ ತಾಗದ ಜಾಗದಲ್ಲಿರಲಿ. ಈ ಗೂಡನ್ನು ಜೋಪಾನವಾಗಿ ಅಟ್ಟದಲ್ಲಿಟ್ಟರೆ ಮುಂದಿನ ವರ್ಷ ಕಾಗದ ಬದಲಿಸಿದರೆ ಸಾಕು.

ಹಾಳೆಯ ಮಾತು ಹೇಳದೆ ಅಡಿಕೆಯವರ ಲೆಕ್ಕ ಪೂರ್ತಿಯಾಗದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಮರವೊಂದು ವರ್ಷಕ್ಕೆ ಐದು ಹಾಳೆ ಬೀಳಿಸಿತೆಂದು ಹಿಡಿದರೂ 2,700 ಹಾಳೆಗಳಾದವು! ದನಕ್ಕೆ ಹಾಕಿ, ಬುಡಕ್ಕೆ ಮುಚ್ಚಿ ಉಳಿದದ್ದರಲ್ಲಿ ಹತ್ತು ಒಳ್ಳೆಯ ಹಾಳೆಗಳನ್ನು ಆರಿಸಿ ಒಣಗಿಸಿಡಿ. ಬೇಕಾದಾಗ ನೀರಿನಲ್ಲಿ ನೆನೆಸಿದರೆ ಬೇಕಾದಂತೆ ಮಡಚಬಹುದು, ದಬ್ಬಣದಲ್ಲಿ ಹೊಲಿಯಬಹುದು. ಬೀಸಣಿಗೆ, ಮುಟ್ಟಾಳೆ, ಹೂವಿನ ಬುಟ್ಟಿ, ಗೂಡುದೀಪದ ಬದಿ ಎಲ್ಲಕ್ಕೂ ಆಗುತ್ತದೆ. ಏನೂ ಆಗದ ಹಾಳೆಯ ಮೇಲೆ ಮಕ್ಕಳನ್ನು ಕೂರಿಸಿ ಅಂಗಳದಲ್ಲಿ ಎಳೆದರೆ ಅವರ ಹಬ್ಬ ಅಲ್ಲಿಗೇ ಆಯಿತು! ಊಟಕ್ಕೆ ಮಾತ್ರ ಬಾಳೆಎಲೆಯೇ ಇರಲಿ.

ಹೂ ಕಟ್ಟಲು ಬಾಳೆನಾರು, ತೋರಣಕ್ಕೆ ಮಾವಿನೆಲೆ, ಚೌತಿಗೆ ಕೆರೆಯ ಜೇಡಿಮಣ್ಣಿನಿಂದ ಮನೆಯವರೇ ಮಾಡಿದ, ಬಣ್ಣ ಬಳಿಯದ ಗಣಪತಿ. ಪೂಜೆಗೆ ಹಿಂಗಾರ ಕೊಯ್ಯುವಾಗ ಒಂದು ಹಿಂಗಾರವೆಂದರೆ ಒಂದು ಗೊನೆ ಎಂಬುದೂ ನೆನಪಿರಲಿ. ದೇವರಿಗೆ ಒಂದು ಸಾಕು.

ಉಡುಗೊರೆ: ನಮ್ಮದೇ ಕಾಫಿ ಪುಡಿ

ಇದೊಂದು ವಿಚಿತ್ರ. ವರ್ಷವಿಡೀ ಕಾಫಿ ಬೆಳೆದವರ ಮನೆಯಲ್ಲಿ ಅಂಗಡಿಯ ಕಾಫಿ ಪುಡಿ! ಹಣ್ಣನ್ನೆಲ್ಲ ಮಾರಿ, ಪುಡಿಯನ್ನು ಪೊಟ್ಟಣದ ಬೆಲೆಗೆ ಕೊಳ್ಳುವ ಮನೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಮುಂದಿನ ಕೊಯ್ಲಿನಲ್ಲಿ ಐದು ಕಿಲೋ ಒಣ ಚೆರಿಯನ್ನಾದರೂ ಮನೆಗೆಂದು ತೆಗೆದಿಡಿ. ಸಿಪ್ಪೆ ಬಿಡಿಸಿದರೆ ಅದರ ಅರ್ಧದಷ್ಟು ಬೀಜ ಸಿಗುತ್ತದೆ. ಹುರಿದಾಗ ಆರರಲ್ಲೊಂದು ಪಾಲಿನಷ್ಟು ತೂಕ ಕಡಿಮೆಯಾಗಿ ಸುಮಾರು ಎರಡು ಕಿಲೋ ಪುಡಿ ಉಳಿಯುತ್ತದೆ.

ಹುರಿಯಲು ಕಬ್ಬಿಣದ ಬಾಣಲೆ ಒಳ್ಳೆಯದು. ಒಂದು ಸಲಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಬೇಡ. ಹದವಾದ ಉರಿಯಲ್ಲಿ ಕೈ ಬಿಡದೆ ಮಗುಚಬೇಕು. ಬೀಜ ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಚಟಪಟ ಸಿಡಿಯತೊಡಗುತ್ತದೆ. ಆ ಸದ್ದು ಅಡಗಿ, ಬೇಕಾದ ಬಣ್ಣ ಬಂದೊಡನೆ ಮೊರಕ್ಕೆ ಸುರಿದು ಕೇರಿ ತಣಿಸಬೇಕು. ಬಾಣಲೆಯಲ್ಲಿಯೇ ಬಿಟ್ಟರೆ ಇಳಿಸಿದ ಮೇಲೂ ಕರಿಯುತ್ತ ಹೋಗುತ್ತದೆ. ಒಂದು ದಿನ ಬಿಟ್ಟು ಪುಡಿ ಮಾಡಿದರೆ ಪರಿಮಳ ಚೆನ್ನಾಗಿ ಕೂಡುತ್ತದೆ.

ಹಬ್ಬಕ್ಕೆ ಬಂದ ಬೆಂಗಳೂರಿನ ನೆಂಟರಿಗೆ ಪೇಟೆಯ ಸಿಹಿತಿಂಡಿಯ ಡಬ್ಬಿ ಅಪರೂಪವಲ್ಲ. ಕಾಲು ಕಿಲೋ ಮನೆಯ ಕಾಫಿ ಪುಡಿ, 100 ಗ್ರಾಂ ಕಾಳುಮೆಣಸು, ಒಂದು ಚಿಕ್ಕ ಸೀಸೆ ತುಡುವೆ ಜೇನು, ಹತ್ತು ಹಲಸಿನ ಹಪ್ಪಳ ಇಷ್ಟನ್ನು ಒಂದು ಬಟ್ಟೆಚೀಲದಲ್ಲಿ ಕಟ್ಟಿಕೊಟ್ಟು ನೋಡಿ. ಮುಂದಿನ ವರ್ಷ ಅವರೇ ಕೇಳಿ, ಹಣ ಕೊಟ್ಟು ಒಯ್ದರೂ ಆಶ್ಚರ್ಯವಿಲ್ಲ.

ದುಡಿಮೆಯ ಲೆಕ್ಕ

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ್ದು ಪುಕ್ಕಟೆಯಲ್ಲ. ಅಲ್ಲಿ ಉಳಿದ ಹಣದ ಬದಲಿಗೆ ಖರ್ಚಾಗುವುದು ಹೆಂಗಸರ ನಡುವು, ನಿದ್ದೆ. ಯಜಮಾನರು ಜಗಲಿಯಲ್ಲಿ ಧಾರಣೆಯ ಚರ್ಚೆ ನಡೆಸುತ್ತ, ಒಳಗೆ ಒಬ್ಬರೇ ಹಲ್ವ ಮಗುಚುತ್ತಿದ್ದರೆ ಅದು ಉಳಿತಾಯವಲ್ಲ. ಹಲಸು ಕಡಿಯುವುದು, ಕಾಯಿ ಸುಲಿದು ತುರಿಯುವುದು, ಬಿದಿರು ಸೀಳುವುದು, ಕಾಫಿ ಹುರಿಯುವುದು ಇವು ಗಂಡಸರ ಪಾಲಿಗಿರಲಿ. ಮಕ್ಕಳಿಗೆ ಉಂಡೆ ಕಟ್ಟುವ, ಕಾಗದ ಅಂಟಿಸುವ ಕೆಲಸವಿರಲಿ. ನೆರೆಯ ಎರಡು ಮೂರು ಮನೆಯವರು ಸೇರಿ ಒಂದೇ ದಿನ ಒಂದೇ ಎಣ್ಣೆ ಕಾಯಿಸಿದರೆ ಸೌದೆಯೂ ಉಳಿಯುತ್ತದೆ, ಮಾತೂ ಬೆಳೆಯುತ್ತದೆ. ಎಲ್ಲವನ್ನೂ ಮನೆಯಲ್ಲೇ ಮಾಡುವ ಹಠವೂ ಬೇಡ. ಈ ವರ್ಷ ಮೂರು ಸಾಮಾನು ಆರಿಸಿಕೊಂಡರೆ ಸಾಕು.

ಕೊನೆಯದಾಗಿ ಒಂದು ಸೂಚನೆ. ಲೆಕ್ಕದ ಪುಸ್ತಕದಲ್ಲಿ ಹಬ್ಬಕ್ಕೆಂದೇ ಒಂದು ಪುಟ ತೆರೆಯಿರಿ. ಕಳೆದ ವರ್ಷ ಅಂಗಡಿಯಿಂದ ಏನೇನು ಬಂತು, ಎಷ್ಟಾಯಿತು ಎಂದು ಮನೆಯವರೆಲ್ಲ ಕೂತು ಬರೆಯಿರಿ. ಅದರ ಎದುರಿಗೆ ಈ ವರ್ಷ ಮನೆಯಲ್ಲೇ ಆಗುವುದನ್ನು ಗುರುತು ಹಾಕಿರಿ. ಉಳಿದ ಮೊತ್ತಕ್ಕಾಗಿ ಎಷ್ಟು ಅಡಿಕೆ, ಎಷ್ಟು ಕಾಫಿ ಮಾರಬೇಕಾಗಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಅಷ್ಟು ಬೆಳೆ ಉಗ್ರಾಣದಲ್ಲಿ ಉಳಿಯಿತೆಂದರೆ, ಧಾರಣೆ ಕೇಳಲು ಪೇಟೆಗೆ ಹೋದಾಗ ಇಂದು ಬೇಡ ಎಂದು ಹೇಳಿ ಹಿಂತಿರುಗುವ ಧೈರ್ಯವೂ ಉಳಿಯುತ್ತದೆ.

ತಮ್ಮ ಮನೆಯ ವಿಶೇಷ ತಿಂಡಿ, ಕೈಕೆಲಸಗಳಿದ್ದರೆ ಸದಸ್ಯ ಬಂಧುಗಳು, ಮುಖ್ಯವಾಗಿ ಮನೆಯ ಮಹಿಳೆಯರು, ಅಳತೆ ಸಹಿತ ಬರೆದು ಸಂಘದ ಕಚೇರಿಗೆ ತಲಪಿಸಬೇಕಾಗಿ ಕೋರುತ್ತೇವೆ. ಚೌತಿಯ ಮುಂಚಿನ ಸಂಚಿಕೆಯಲ್ಲಿ ಅವನ್ನು ಸಂತೋಷದಿಂದ ಪ್ರಕಟಿಸುತ್ತೇವೆ.